ನೋಡಲಷ್ಟೇ ಕೊಟ್ಟ ನಕ್ಷೆ

ಕೆಳಗಿನ ಓಣಿ, ನೀರಗಟ್ಟಿ
೩೦ ಫೆಬ್ರುವರಿ ೨೧೯೪

ನೀರಗಟ್ಟಿ ಪಟ್ಟಣ ಯೋಜನೆಯ ವಿನ್ಯಾಸ ಕಚೇರಿಯ ಎಂಟೂ ಮಂದಿಗೆ,

೨೦೩೧ರ ಜೂನ್ ತಿಂಗಳಲ್ಲಿ ನೀವು ನಮ್ಮ ಊರಿನ ನಕ್ಷೆಗಳನ್ನು ತಿದ್ದುವ ಹಕ್ಕನ್ನು ನಿಮ್ಮ ಎಂಟು ಹೆಸರುಗಳಿಗೆ ಮಾತ್ರ ಇಟ್ಟುಕೊಂಡು, ಉಳಿದವರಿಗೆಲ್ಲ ಬರೀ ನೋಡುವ ಹಕ್ಕು ಕೊಟ್ಟಿರಿ. ಸದ್ಯಕ್ಕೆ ಎಂದಿರಿ. ಆ ಸದ್ಯ ಇನ್ನೂ ಮುಗಿದಿಲ್ಲ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅದು ಹೋದ ಕಾಲಕ್ಕೆ ಕಾಗದ ಮುಟ್ಟಿಸುತ್ತದೆ, ಮರುಉತ್ತರ ತರುವುದಿಲ್ಲ. ನೀವು ಸರ್ವರ್ ಎನ್ನುತ್ತಿದ್ದುದಕ್ಕೆ ನಾವು ಕಡತಮನೆ ಎನ್ನುತ್ತೇವೆ. ಯಂತ್ರಗಳು ಎಷ್ಟೋ ಸಲ ಬದಲಾದವು. ಪ್ರತಿ ಸಲವೂ ಕಡತಗಳ ಜೊತೆಗೆ ನಿಮ್ಮ ಹಕ್ಕುಗಳ ಪಟ್ಟಿಯನ್ನೂ ಹಾಗೇ ನಕಲು ಮಾಡಿದರು. ಅದನ್ನು ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಓದುವ ಹಕ್ಕು ನಮಗೂ ಇರುವುದರಿಂದ ನಿಮ್ಮ ಕಚೇರಿಯ ಮಾತುಕತೆಯನ್ನೆಲ್ಲ ಓದಿದ್ದೇನೆ. ಕಾಮಗಾರಿಯ ಸೈಟಿನವರೊಬ್ಬರು ಮೌಸ್ ಜಾರಿ ಸೇತುವೆಗಳ ಫೋಲ್ಡರನ್ನು ಕ್ಯಾಂಟೀನ್ ಬಿಲ್ಲುಗಳ ಫೋಲ್ಡರಿನೊಳಗೆ ಬೀಳಿಸಿದ್ದರು. ಕಚೇರಿಯೆಲ್ಲ ಅದನ್ನು ಹುಡುಕಿ ಬೇಸತ್ತಿತು, ಅದಕ್ಕೇ ನೀವು ತಿದ್ದುವ ಹಕ್ಕಿಗೆ ಬೀಗ ಹಾಕಿದಿರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮರುವಾರವೇ ಸೈಟಿನ ಇಂಜಿನಿಯರ್ ಮೌನೇಶ ಬಡಿಗೇರ ಹೀಗೆ ಬರೆದಿದ್ದರು: "ಸರ್, ಕಾಲುವಿ ಗೋಡೆ ನಕ್ಷೆದಾಗ ಕೆಳಗಿನ ಓಣಿ ಗಟಾರದ ಬಾಯಿಗೆ ಅಡ್ಡ ಬಂದೈತ್ರಿ. ನನಗ ತಿದ್ದಾಕ ಆಗವಲ್ದು, ಬರೇ ನೋಡಾಕ ಕೊಟ್ಟೀರಿ." ನಿಮ್ಮ ಮುಖ್ಯಸ್ಥ ರಮಾಕಾಂತರ ಉತ್ತರವೂ ಅಲ್ಲೇ ಇದೆ: "ಸದ್ಯಕ್ಕೆ ಹಾಗೇ ಇರ್ಲಿ ಬಡಿಗೇರ್. ನಿಮ್ಮವರಿಗೆ ಕೊಟ್ರೆ ಈ ಸಲ ಕಾಲುವೆನ ಎತ್ಕೊಂಡು ಹೋಗಿ ಇಡ್ಲಿ ಬಿಲ್ಲಲ್ಲಿ ಹಾಕ್ತೀರಿ. ಮೇಲ್ ಮಾಡಿ, ತಿದ್ದೋಣ."

ಅವರು ಮೇಲ್ ಮಾಡಿದರು. ನೀವು ತಿದ್ದಲಿಲ್ಲ. ಮೌನೇಶರು ಸೈಟಿನಲ್ಲಿ ತಾವೇ ನಿಂತು ಗೋಡೆಯಲ್ಲಿ ಗಟಾರಕ್ಕೆ ಕಿಂಡಿ ಬಿಡಿಸಿದರು. ಗೋಡೆ ಸರಿಯಾಯಿತು, ನಕ್ಷೆ ತಪ್ಪಾಗಿಯೇ ಉಳಿಯಿತು. ಐದಾರು ತಲೆಮಾರು ನೀರು ಆ ಕಿಂಡಿಯಿಂದ ಸುಮ್ಮನೆ ಹರಿದುಹೋಯಿತು.

ಅತ್ತ ನಿಮ್ಮ ಎಂಟು ಮಂದಿಗೆ ವಯಸ್ಸಾಯಿತು. ನಿಮ್ಮ ನಂತರ ಹಕ್ಕು ಯಾರಿಗೆ ಎಂದು ಸರ್ಕಾರ ಕೇಳಿದಾಗ ನೀವು ನಿಮ್ಮ ಮಕ್ಕಳ ಹೆಸರು ಬರೆದಿರಿ, ಅವರು ಅವರ ಮಕ್ಕಳ ಹೆಸರು ಬರೆದರು. ಮಕ್ಕಳು ಹೆಚ್ಚಿದಂತೆ ಕಡತಗಳನ್ನು ಆಸ್ತಿಯ ಹಾಗೆ ಪಾಲು ಮಾಡಿಕೊಂಡರು, ಒಬ್ಬರ ಪಾಲಿನದನ್ನು ಇನ್ನೊಬ್ಬರು ತಿದ್ದುವಂತಿಲ್ಲ. ಈಗ ಅವರನ್ನು ತಿದ್ದುಗರು ಎನ್ನುತ್ತಾರೆ. ಅವರ ಮನೆಗಳು ಮೇಲಿನ ದಿಬ್ಬದಲ್ಲಿವೆ. ನಾವು ಒಂದು ಬಾಗಿಲು ಅಗಲ ಮಾಡಿಸಬೇಕಾದರೂ ಅವರ ಜಗಲಿಯಲ್ಲಿ ಕೂತು ಕಾಯಬೇಕು. ಅಲ್ಲಿ ಹೆಣ್ಣು ಕೇಳಲು ಬಂದವರು ಮೊದಲು ವಿಚಾರಿಸುವುದು ಹುಡುಗಿಯ ಮನೆತನಕ್ಕೆ ಯಾವ ಕಡತ ಬಂದಿದೆ ಎಂದು.

ಆಮೇಲೆ, ನನ್ನ ಕಾಲದಲ್ಲಿ, ಕಟ್ಟಾಳುಗಳು ಬಂದವು. ಕಡತಮನೆಯ ನಕ್ಷೆ ನೋಡಿ ತಾವೇ ದುರಸ್ತಿ ಮಾಡುವ ಯಂತ್ರಗಳಿವು. ನಕ್ಷೆಯಲ್ಲಿ ಇಲ್ಲದ್ದೆಲ್ಲ ಅವುಗಳಿಗೆ ಬಿರುಕು. ಮೌನೇಶರ ಕಿಂಡಿಯನ್ನು ಅವು ಮುಚ್ಚಿದವು. ನಾವು ಹಾರೆ ಹಿಡಿದು ಒಡೆದೆವು, ಬೆಳಗಾಗುವಷ್ಟರಲ್ಲಿ ಮತ್ತೆ ಕಟ್ಟಿದವು. ಹೋದ ವರ್ಷದ ಮಳೆಗೆ ಓಣಿಯ ನೀರೆಲ್ಲ ಹಿಂದಕ್ಕೆ ನುಗ್ಗಿತು. ಎಮ್ಮೆಯ ಹಗ್ಗ ಬಿಚ್ಚಲು ಹೋದ ಪಕ್ಕದ ಮನೆಯ ದ್ಯಾಮವ್ವ ನೀರಿಳಿದ ಮೇಲೆ ಗೋದಲಿಯ ಬಳಿ ಸಿಕ್ಕಳು. ಎಮ್ಮೆ ಈಜಿ ಪಾರಾಗಿತ್ತು.

ತಿದ್ದುಗರಲ್ಲಿ ಹಿರಿಯಳಾದ ಗಿರಿಜಕ್ಕನ ಬಳಿ ಹೋಗಿ ಕೈಮುಗಿದೆ. ಆಕೆ ರಮಾಕಾಂತರ ವಂಶದವಳು, ಒಳ್ಳೆಯ ಹೆಣ್ಣುಮಗಳು. "ನಂದು ಸೇತುವಿ ಕಡತ ತಮ್ಮಾ," ಎಂದಳು. "ಕಾಲುವಿದು ನಮ್ಮ ದೊಡ್ಡಪ್ಪನ ಮನಿಯವರ್ದು. ಅವ್ರ ಮನಿಯಾಗ ದೀಪ ಹಚ್ಚಾಕ ಒಬ್ರೂ ಉಳಿಲಿಲ್ಲ. ಈಗ ಅದನ್ನ ನಾನೂ ನಿನ್ನಂಗ ನೋಡಬೇಕಷ್ಟೇ. ಗರ್ಭಗುಡಿ ಮುಂದ ನಿಂತಂಗ."

"ನಿಮ್ಮ ಹಿರ್ಯಾರು ಕೀಲಿ ಹಾಕಿದ್ರು ಅಕ್ಕಾ, ನಾವು ಮುಳುಗಾಕ ಹತ್ತೀವಿ," ಎಂದೆ.

"ಹೌದಪಾ," ಎಂದಳು. "ನನಗ ಬೈ. ಬೈಸ್ಕೊಳ್ಳಾಕ ಅವ್ರ್ಯಾರೂ ಇಲ್ಲಲ್ಲ."

ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಕಾಲುವೆ ಕಡತ ತಿದ್ದಬಲ್ಲ ಜೀವ ಈ ಭೂಮಿಯ ಮೇಲೆ ಇಲ್ಲ. ಮೃಗಶಿರಾ ಮಳೆಗೆ ಮುಂಚೆ ಓಣಿ ಖಾಲಿ ಮಾಡಬೇಕೆಂದು ಡಂಗುರವಾಗಿದೆ. ಗೋಡೆ ಉಳಿಯುತ್ತದೆ, ಮುನ್ನೂರು ಮನೆ ಹೋಗುತ್ತವೆ. ನಿಮ್ಮ ಕಾಲದಲ್ಲಾದರೆ ಇದು ಒಂದು ಮಧ್ಯಾಹ್ನದ ಕೆಲಸ: ಸೈಟಿನ ಗುಂಪಿಗೂ ಕಾಲುವೆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಕೊಡುವುದು, ದಿನವೂ ಒಂದು ಪ್ರತಿ ಬೇರೆಡೆ ತೆಗೆದಿಡುವುದು, ಯಾರಾದರೂ ಕೆಡಿಸಿದರೆ ಹಳೆಯದನ್ನು ಮರಳಿ ಹಾಕುವುದು. ಕೆಡಿಸಿಯಾರು ಎಂದು ಹೆದರಿ ತಿದ್ದುವವರನ್ನೂ ಹೊರಗಿಟ್ಟಿರಿ.

ಇದನ್ನು ನೀವು ಮಾಡುತ್ತೀರೋ ಇಲ್ಲವೋ, ಇಲ್ಲವಾದರೆ ಏಕೆ ಇಲ್ಲ? ಉತ್ತರವನ್ನು ನಿಮ್ಮ ಕಾಲದ ದಿನಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಹಳೆಯ ಪತ್ರಿಕೆಗಳು ನಮ್ಮ ಗ್ರಂಥಾಲಯದಲ್ಲಿವೆ. ೨೦೩೧ರ ನವೆಂಬರಿನವರೆಗೆ ಓದಿ ಮುಗಿಸಿದ್ದೇನೆ, ಎಲ್ಲೂ ನಿಮ್ಮ ಸುದ್ದಿಯಿಲ್ಲ. ಡಿಸೆಂಬರಿನ ಕಟ್ಟನ್ನು ಇನ್ನೂ ಬಿಚ್ಚಿಲ್ಲ. ಅದರಲ್ಲಿ ಎಂಟೂ ಮಂದಿ ಹೆಸರು ಹಾಕಿ, ಊರೆಲ್ಲ ಓದುವಂತೆ ಉತ್ತರ ಕೊಡಿ.

ಶಿವಲಿಂಗ ಹಡಗಲಿ