ಮಂಗಳಾರತಿಯ ಹಾರ್ನ್ ಆಯ್ದುಕೊಳ್ಳಬೇಡಿ, ಮುತ್ತಾತ

ಶಾಲಿವಾಹನ ಶಕ ೨೨೧೪, ಅಧಿಕ ಆಶ್ವಯುಜ, ಮೂವತ್ತಮೂರನೆಯ ದಿನ
ಒಂಟಿಚಾವಣಿ, ನೆಲಮಂಗಲ

ಮುತ್ತಾತ ಗಂಗಹನುಮಯ್ಯನವರಿಗೆ, ಹತ್ತು ತಲೆಮಾರು ಕೆಳಗಿನ ಹೊನ್ನಮ್ಮನ ನಮಸ್ಕಾರ.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ತಾರೀಖು ನೋಡಿ ಗಾಬರಿಯಾಗಬೇಡಿ. ಬಂದ ಮಾಲು ಖಾಲಿಯಾಗುವ ತನಕ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಇದು ಹಿಂಚೀಟಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಹೆಂಗಸೊಬ್ಬಳಿಗೆ ಜನ್ಮಕ್ಕೆ ಒಂದೇ ಸಿಗುತ್ತದೆ. ಬೇರೆಯವರು ಚಿನ್ನ ಹೂತಿಟ್ಟ ಜಾಗ ಕೇಳಿ ಬರೆಯುತ್ತಾರೆ. ನಾನು ಹಾರ್ನಿನ ವಿಷಯ ಬರೆಯುತ್ತಿದ್ದೇನೆ.

ನೀವೀಗ ಗೋದಾಮಿನ ಸುರಕ್ಷತೆಯ ಯಜಮಾನರು. ಮಾಲು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಹಿಂದಕ್ಕೆ ಬರುವಾಗ ಕೂಗುವ ಮೂರು ಬಗೆಯ ಹಾರ್ನುಗಳು ನಿಮ್ಮ ಮೇಜಿನ ಮೇಲಿವೆ, ಒಂದನ್ನು ಆಯ್ದುಕೊಳ್ಳಬೇಕು. ಒಂದು ಕೀಂ ಕೀಂ ಎನ್ನುತ್ತದೆ. ಇನ್ನೊಂದು ಗರಗಸ ಎಳೆದ ಹಾಗೆ ಕರಕರ ಅನ್ನುತ್ತದೆ. ಮೂರನೆಯದು ಮಂಗಳಾರತಿಯ ರಾಗ ನುಡಿಸುತ್ತದೆ. ಹಮಾಲರು ಬಂದು, "ಈ ಕೀಂ ಕೀಂ ತಲೆ ಚಿಟ್ಟು ಹಿಡಿಸ್ತದೆ ಸಾರ್, ದೇವರ ಹಾಡೇ ಹಾಕ್ಸಿ, ಪುಣ್ಯ ಬರುತ್ತೆ" ಎಂದಿದ್ದಾರೆ. ನೀವು ತಲೆಯಾಡಿಸಿದ್ದೀರಿ. ಅಯ್ಯೋ, ಎಷ್ಟು ಒಳ್ಳೆಯವರಪ್ಪ ನೀವು! ನಿಮ್ಮ ಒಳ್ಳೆಯತನ ಮಣ್ಣುಪಾಲಾಗಲಿ.

ಈಗ ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ ಒಂದೇ ತಗಡಿನ ಸೂರು. ಅದೇ ಒಂಟಿಚಾವಣಿ. ಅದರ ಕೆಳಗೆ ಹುಟ್ಟುತ್ತೇವೆ, ಮಾಲಿನ ಕಪಾಟುಗಳ ಸಂದಿಯಲ್ಲೇ ಒಲೆ ಹೂಡಿ ಮುದ್ದೆ ತಿರುವುತ್ತೇವೆ. ಫೋರ್ಕ್‌ಲಿಫ್ಟನ್ನು ನಾವು ಕೊಂಬಣ್ಣ ಎನ್ನುತ್ತೇವೆ. ಅದನ್ನು ಓಡಿಸುವವರು ಯಾರೂ ಇಲ್ಲ, ತಾನೇ ಓಡುತ್ತದೆ. ನೀವು ಆರಿಸಿದ ರಾಗ ಮಾತ್ರ ಹಾಗೇ ಉಳಿದಿದೆ, ಪರಂಪರೆ ಅಂತೆ. ಕೂಸು ತೊಟ್ಟಿಲಲ್ಲಿರುವಾಗಲೇ ಆ ರಾಗಕ್ಕೆ ಅದರ ಎರಡು ಕೈ ಹಿಡಿದು ಜೋಡಿಸುತ್ತೇವೆ. ಆರತಿ ಕೇಳಿದರೆ ಏನು ಮಾಡುತ್ತಾರೆ ಮುತ್ತಾತ? ನಿಂತಲ್ಲೇ ನಿಂತು, ಕೈ ಮುಗಿದು, ಕಣ್ಣು ಮುಚ್ಚುತ್ತಾರೆ. ನನ್ನ ಗಂಡ ನರಸಯ್ಯನೂ ಹಾಗೇ ಮಾಡಿದ. ಸೊಂಟದ ಮೇಲೆ ಹತ್ತಿದ ಗಾಲಿ ಎದೆಯ ಮೇಲೆ ಇಳಿಯಿತು. ಮುಗಿದ ಕೈ ಬಿಡಿಸಲಾಗದೆ ಹಾಗೇ ಮಣ್ಣು ಮಾಡಿದೆವು. ಮೇಸ್ತ್ರಿ ಬಂದು, "ಹಾರ್ನ್ ಹೊಡೆದಿತ್ತಲ್ಲಮ್ಮ, ಇನ್ನೇನು ಮಾಡ್ಬೇಕಿತ್ತು?" ಎಂದು ಎಲೆಅಡಿಕೆ ಉಗಿದು ಹೋದ.

ದೀಪವೂ ಇದೆ. ಕೊಂಬಣ್ಣ ಬರುವ ಮುಂಚೆ ನೆಲದ ಮೇಲೆ ನೀಲಿ ಬೆಳಕು ಬಿದ್ದು ದಾರಿ ಬಿಡಿ ಎನ್ನಬೇಕು. ನೀವು ದೊಡ್ಡದನ್ನೇ ಕೊಂಡಿರಿ, ಸಂತೋಷ. ಆಮೇಲೆ ಆಯುಧಪೂಜೆಗೆ ಅದರ ಗಾಜಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಇಳಿಬಿಟ್ಟಿರಿ. ಬಾಡಿದರೂ ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಈಗಂತೂ ದೀಪ ಇರುವ ಜಾಗದಲ್ಲಿ ಪ್ಲಾಸ್ಟಿಕ್ ಹೂವನ್ನೇ ಕಾರ್ಖಾನೆಯಲ್ಲಿ ಎರಕ ಹೊಯ್ದು ಕೂರಿಸುತ್ತಾರೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದನ್ನು ಮಾತ್ರ ಮರೆತಿಲ್ಲ.

ಸತ್ತವನ ಜಾಗಕ್ಕೆ ಅದೇ ಮನೆಯಿಂದ ಬದಲಿ ಹೋಗಬೇಕು, ಇದು ನಮ್ಮ ಕಾನೂನು. ನನಗೆ ಕಾಲಿಲ್ಲ, ಅದನ್ನೂ ಕೊಂಬಣ್ಣನೇ ತಿಂದ. ಉಳಿದವಳು ಮಗಳು ಚೆನ್ನಿ. ನಾಳೆ ಅವಳ ಪಾಳಿ. ಇವತ್ತು ಬೆಳಗಿನಿಂದ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಆ ರಾಗ ಹಾಡುತ್ತಿದ್ದೇನೆ. ಕಣ್ಣು ಮುಚ್ಚಿದಾಗಲೆಲ್ಲ ಕೆನ್ನೆಗೆ ಬಾರಿಸುತ್ತಿದ್ದೇನೆ. "ಕೈ ತಾನಾಗೇ ಮುಗೀತದೆ ಕಣವ್ವ, ನಾನೇನ್ ಮಾಡ್ಲಿ?" ಎಂದು ಅಳುತ್ತಾಳೆ, ಅಳುತ್ತಲೇ ಕಣ್ಣು ಮುಚ್ಚುತ್ತಾಳೆ.

ಅದಕ್ಕೇ ಕೇಳುತ್ತಿದ್ದೇನೆ. ಆ ಕರಕರ ಅನ್ನುವುದನ್ನೇ ಆಯ್ದುಕೊಳ್ಳಿ. ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದು ಅದೊಂದರಲ್ಲೇ. ಜನ ನಿಮ್ಮನ್ನು ಶಪಿಸಲಿ, ಶಪಿಸುತ್ತಲೇ ಪಕ್ಕಕ್ಕೆ ಹಾರಲಿ. ದೀಪಕ್ಕೆ ನೀವು ಹೂವು ಮುಟ್ಟಿಸಬೇಡಿ, ಮುಟ್ಟಿಸಲು ಬಂದವನ ಕೈ ಮುರಿಯಿರಿ.

ನಮ್ಮ ದೇವರ ಗೂಡಿನಲ್ಲಿ ನಿಮ್ಮ ಕಾಲದಿಂದ ಉಳಿದು ಬಂದ ಎರಡು ಲಕೋಟೆಗಳಿವೆ. ಒಂದು ನಮ್ಮಜ್ಜಿ ನಿಮಗೆ ಬರೆದ ಹಿಂಚೀಟಿ, ಇನ್ನೊಂದು ನಮ್ಮವ್ವನದು. ಮುಂದಿನ ಕಾಲದಿಂದ ಕಾಗದ ಬಂತೆಂದು ನೀವು ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ದೇವರ ಪಕ್ಕ ಇಟ್ಟುಬಿಟ್ಟಿರಿ. ಒಡೆದು ಓದಲಿಲ್ಲ. ದಮ್ಮಯ್ಯ ಅನ್ನುತ್ತೇನೆ, ಇದೊಂದನ್ನು ಪೂಜೆ ಮಾಡಬೇಡಿ, ಓದಿ.

ಇಷ್ಟು ಬರೆದು, ದೀಪ ಹಚ್ಚೋಣವೆಂದು ತೆವಳಿಕೊಂಡು ಗೂಡಿನ ಹತ್ತಿರ ಹೋಗಿದ್ದೆ. ಈಗ ಅಲ್ಲಿ ಮೂರು ಲಕೋಟೆಗಳಿವೆ. ಮೂರನೆಯದು ನಾನಿನ್ನೂ ಕಳಿಸದ ಈ ಕಾಗದವೇ. ಮೇಲೆ ನನ್ನ ಅಕ್ಷರ, ಅದರ ಮೇಲೆ ಒಣಗಿದ ಕುಂಕುಮ. ಅಂಟು ಬಿಚ್ಚಿಲ್ಲ.

ಸರಿ ಮುತ್ತಾತ. ಚೆನ್ನಿಯನ್ನು ಮತ್ತೆ ಕರೆದಿದ್ದೇನೆ, ಕೆನ್ನೆ ಊದಿಸಿಕೊಂಡು ಬಂದು ನಿಂತಿದ್ದಾಳೆ. ನನ್ನ ಕೈಯೂ ನೋಯುತ್ತಿದೆ. ಆದರೂ ಹೊಡೆಯುತ್ತೇನೆ. ನೀವು ಬೇಡವೆಂದು ಪಕ್ಕಕ್ಕಿಟ್ಟ ಹಾರ್ನಿನ ಕೆಲಸವನ್ನು ಯಾರಾದರೂ ಮಾಡಬೇಕಲ್ಲ.