ಖಾಯಂ ವಿಳಾಸ

ಮಾರ್ಚ್ ೧೪, ಶುಕ್ರವಾರ

ಮಾಡಿದ್ದು ತಪ್ಪು, ಗೊತ್ತು. ಸರ್ಕಾರವೂ ಒಂದು ಖಾಸಗಿ ಕಂಪನಿಯೂ ಸೇರಿ ಪರದೇಶದ ಬಡ ಮಕ್ಕಳಿಗೆ ಇಲ್ಲಿಗೆ ಬಂದು ಓದಲು ಕೊಡುವ ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತು ಸಂಜೆ ಐದಕ್ಕೆ ಗಡುವು. ನಿರಾಶ್ರಿತರ ಡೇರೆಯಲ್ಲಿ ಓದಿ ಗಣಿತದಲ್ಲಿ ತೊಂಬತ್ತೆಂಟು ತೆಗೆದ ಹುಡುಗಿಯೊಬ್ಬಳು 'ಖಾಯಂ ವಿಳಾಸ' ಎಂಬಲ್ಲಿ ಬರೀ ಗೆರೆ ಎಳೆದಿದ್ದಳು. ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು; ಆ ಗೆರೆಯನ್ನು ಅದು ಒಪ್ಪಲಿಲ್ಲ. ನಮ್ಮ ಕಚೇರಿಯ ಸಾಹೇಬರು, "ಕಂಪನಿಯವರನ್ನ ಕೇಳಮ್ಮ" ಅಂದರು. ಕಂಪನಿಯವರು, "ಅದು ಸರ್ಕಾರದ ನಿಯಮ ಮೇಡಂ" ಅಂದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ನಾನೇ. ಐದಕ್ಕೆ ನಾಲ್ಕು ನಿಮಿಷ ಇರುವಾಗ ನಮ್ಮ ಮನೆಯ ವಿಳಾಸ ಹಾಕಿ ಕಳಿಸಿಬಿಟ್ಟೆ.

ಊಟಕ್ಕೆ ಕೂತಾಗ ಅತ್ತೆಗೆ ಎಲ್ಲ ಹೇಳಿ, ಅವಳ ಹೆಸರಿಗೆ ಕಾಗದ ಬಂದರೆ ತೆಗೆದಿಡಿ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಕಾಗದ ಇರ್ಲಿ, ಅವಳು ಬಂದ್ರೆ ಎಲ್ಲಿ ಮಲಗ್ತಾಳೆ?"

"ಹಾಸ್ಟೆಲ್ ಕೊಡ್ತಾರೆ ಅತ್ತೆ. ಇನ್ನೂ ಆಯ್ಕೇನೇ ಆಗಿಲ್ಲ."

"ಹಾಸ್ಟೆಲ್‌ಗೆ ರಜಾ ಇರಲ್ವೇನೇ? ಮನೆ ಅಂತ ಬರ್ಕೊಟ್ಟಿದ್ದೀಯಲ್ಲ."

ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ನಾಳೆ ಸಾಹೇಬರ ಮುಂದೆ ನಾನೇ ಒಪ್ಪಿಕೊಂಡುಬಿಡಲೇ ಎಂದು ಯೋಚಿಸುತ್ತ ಇದನ್ನು ಬರೆಯುತ್ತಿದ್ದರೆ, ಮಂಡಿನೋವೆಂದು ದಿನವಿಡೀ ನರಳುವ ಅತ್ತೆ ಹಿಂದಿನ ಕೋಣೆಯಲ್ಲಿ ಹಳೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಜಾಗ ಮಾಡುತ್ತಿರುವ ಸದ್ದು ಕೇಳಿಸುತ್ತಿದೆ.