ಕಡಲು ದಾಟಿದವರ ಎಲೆ

ಮಾಳಮಡ್ಡಿ, ಧಾರವಾಡ
ಕಾರ್ತಿಕ ಶುದ್ಧ ಪಂಚಮಿ, ೧೪ ನವೆಂಬರ ೧೯೩೧

ಚಿರಂಜೀವಿ ಏಕನಾಥನಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಮೈ ಹೇಗಿದೆ? ಕಡಲಾಚೆಯ ಬಟೇವಿಯಾದಲ್ಲಿ ಬಿಸಿಲು ಮಳೆ ಎರಡೂ ಒಟ್ಟಿಗೇ ಬರುತ್ತವೆ ಎಂದು ಬರೆದಿದ್ದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಸೇಠರ ಅರಿವೆ ಅಂಗಡಿಯಲ್ಲಿ ಎಷ್ಟೇ ಗದ್ದಲವಿರಲಿ, ಊಟದ ಹೊತ್ತು ತಪ್ಪಿಸಬೇಡ. ದೀಪಾವಳಿಗೆ ಕರಚಿಕಾಯಿ ಮಾಡಿದೆ. ನಿನ್ನ ಹೆಸರಿನಲ್ಲಿ ಒಂದಿಷ್ಟು ಡಬ್ಬಿಗೆ ಹಾಕಿಟ್ಟಿದ್ದೆ, ನಿನ್ನ ತಂದೆಯವರೇ ಖಾಲಿ ಮಾಡಿದರು. ಕೇಳಿದರೆ, "ಅಂವಾ ಬರೂತನಕಾ ಕೆಟ್ಟ ಹೋಗ್ತಿದ್ದುವು" ಎಂದರು. ಸಾಲಿಯಿಂದ ನಿವೃತ್ತರಾದ ಮೇಲೆ ಅವರಿಗೆ ಹಸಿವೆಯೂ ಹೆಚ್ಚು, ಇತಿಹಾಸವೂ ಹೆಚ್ಚು.

ನೀನು ಆ ದ್ವೀಪಗಳ ಅರಸರ ಬಗ್ಗೆ ಬರೆಯುವ ಪತ್ರ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬವೇ. ಇವರು ಗಟ್ಟಿಯಾಗಿ ಓದುತ್ತಾರೆ, ನಾನು ಅಕ್ಕಿ ಆರಿಸುತ್ತ ಕೇಳುತ್ತೇನೆ. ಶ್ರೀವಿಜಯದ ಮಹಾರಾಜ ದಿನಕ್ಕೊಂದು ಬಂಗಾರದ ಇಟ್ಟಿಗೆಯನ್ನು ಅರಮನೆಯ ಮುಂದಿನ ನೀರಿಗೆ ಎಸೆಯುತ್ತಿದ್ದನೆಂದು ಅರಬರು ಬರೆದಿಟ್ಟಿದ್ದಾರಂತಲ್ಲ, ಅದನ್ನು ಕೇಳಿ ನನಗೆ ನಗು ಬಂತು. ನಮ್ಮ ಹಿತ್ತಲ ಬಾವಿಗೆ ಬಿದ್ದ ತಾಮ್ರದ ಕೊಡ ತೆಗೆಸಲು ನಾನು ಪಟ್ಟ ಪಾಡು ನನಗೇ ಗೊತ್ತು! ಆದರೆ ಗಾಳಿಯ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದು ಗಾಳಿ ಹಡಗುಗಳನ್ನು ಅಲ್ಲಿಗೆ ಒಯ್ಯುತ್ತಿತ್ತು, ಅರ್ಧ ವರ್ಷ ಕಳೆದು ಎದುರು ಗಾಳಿ ಬೀಸುವವರೆಗೆ ತಿರುಗಿ ಬರುವಂತಿರಲಿಲ್ಲ, ಹಡಗಿನ ದಾರಿಯ ಜಲಸಂಧಿಯನ್ನು ಹಿಡಿದು ಕೂತ ಅರಸರ ಸಂಪತ್ತೆಲ್ಲ ಹೀಗೆ ಗಾಳಿಗೆ ಕಾದು ಕುಳಿತವರಿಂದಲೇ ಬಂತು ಎಂದು ನೀನು ಬರೆದಿದ್ದೆ. ಕಾಯುವವರಿಂದ ಯಾರಿಗೋ ಲಾಭವಿದೆ ಎಂದು ನನಗೆ ಗೊತ್ತಿರಲಿಲ್ಲ.

ಈ ಸಲದ ನವರಾತ್ರಿಯಲ್ಲಿ ವಾಚನಾಲಯದವರು ಇವರ ಭಾಷಣ ಇಟ್ಟಿದ್ದರು. ನಿನ್ನ ದೊಡ್ಡಪ್ಪನವರೇ ಅಧ್ಯಕ್ಷರು. ಬಟೇವಿಯಾದ ಮ್ಯೂಸಿಯಮ್ಮಿನಲ್ಲಿ ನೀನು ನೋಡಿ ಬರೆದುಕೊಂಡ ಬೋರ್ನಿಯೋದ ಯಜ್ಞಕಂಬದ ಮಾತನ್ನು ಇವರು ಕೊನೆಗೆ ಇಟ್ಟುಕೊಂಡಿದ್ದರು. ಬೇರೆ ಬೇರೆ ನಾಡುಗಳಿಂದ ಆ ದ್ವೀಪಕ್ಕೆ ಬಂದ ವಿಪ್ರರು ಈ ಕಂಬ ನಿಲ್ಲಿಸಿದರು, ಅರಸ ಅವರಿಗೆ ಸಾವಿರಾರು ಆಕಳು ದಾನ ಕೊಟ್ಟ ಎಂದು ಹೇಳುವಾಗ ಇವರ ಧ್ವನಿ ತುಂಬಿ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಿನ್ನ ದೊಡ್ಡಪ್ಪ. "ನಮ್ಮ ಹಿರ್ಯಾರು ಸಮುದ್ರಕ್ಕ ಅಂಜಿದವರಲ್ಲ" ಎಂದು ಎದ್ದು ನಿಂತು ತಮ್ಮನಿಗೆ ಹಾರ ಹಾಕಿದರು. ಹೆಂಗಸರ ಸಾಲಿನಲ್ಲಿ ಕುಳಿತು ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇನ್ನು ನಿನ್ನ ದಾರಿ ಸುಗಮವಾಯಿತು ಎಂದುಕೊಂಡೆ.

ಇವರೂ ಹಾಗೇ ಎಂದುಕೊಂಡಿರಬೇಕು. ಮೂವರೂ ಮನೆಗೆ ನಡೆದು ಬರುವಾಗ, ನೀನು ಮಾಘದಲ್ಲಿ ಬರುವೆ, ಆದರೆ ಕಡಲು ದಾಟಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುವುದಿಲ್ಲ ಎಂದು ಬರೆದದ್ದನ್ನು ಅಣ್ಣನಿಗೆ ಹೇಳಿಬಿಟ್ಟರು. ದೊಡ್ಡಪ್ಪ ನಡುರಸ್ತೆಯಲ್ಲೇ ನಿಂತರು. "ಅವರ ಕಾಲ ಬ್ಯಾರೆ, ನಮ್ಮ ಕಾಲ ಬ್ಯಾರೆ. ಪಂಚಗವ್ಯ ತಗೊಂಡರ ಒಳಗ. ಇಲ್ಲಾಂದ್ರ ಅವನ ಎಲಿ ಪಡಸಾಲ್ಯಾಗ" ಎಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಿನ ಸಿಟ್ಟು ಇವರ ಮೇಲೆ ಬಂತು. ಅಷ್ಟು ಹೊತ್ತು ಸಭೆಯನ್ನು ಆಡಿಸಿದ ನಾಲಿಗೆ ಅಣ್ಣನ ಮುಂದೆ ಒಂದು ಮಾತು ಆಡಲಿಲ್ಲ. ಹಾರ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ನಡೆದರು. ಮದುವೆಯಾಗಿ ಬಂದಂದಿನಿಂದ ನೋಡುತ್ತಿದ್ದೇನೆ, ಅಣ್ಣನಿಗೆ ಎದುರು ಮಾತು ಆಡಿದವರಲ್ಲ ಅವರು.

ದೊಡ್ಡಪ್ಪನವರು ಕೆಟ್ಟವರಲ್ಲ ಏಕನಾಥಾ. ನಿನಗೆ ವಿಷಮಜ್ವರ ಬಂದಾಗ ನಿನ್ನ ತಲೆದೆಸೆ ಬಿಟ್ಟು ಏಳದವರು. ಪಿತೃಗಳ ಶ್ರಾದ್ಧ ಕೆಟ್ಟೀತೆಂಬ ಭಯ ಅವರದು. ಆದರೆ ನನ್ನ ಭಯವೇ ಬೇರೆ. ಆ ಕಂಬದ ಮಾತನ್ನು ನಾನು ಇವರಿಂದ ಮತ್ತೊಮ್ಮೆ ಓದಿಸಿಕೊಂಡೆ. ವಿಪ್ರರು ಬಂದರು ಎಂದಿದೆ. ತಿರುಗಿ ಹೋದರು ಎಂದು ಯಾವ ಕಲ್ಲಿನಲ್ಲಾದರೂ ಇದೆಯೇ ಎಂದು ಕೇಳಿದೆ. ಇವರು ಪತ್ರವನ್ನು ಮಡಚಿಟ್ಟು, "ನಾ ಕಂಡಿಲ್ಲ" ಎಂದರು. ಎದುರು ಗಾಳಿ ವರ್ಷ ವರ್ಷವೂ ಬೀಸಿತ್ತಲ್ಲ! ಅವರಿಗೂ ತಾಯಂದಿರಿದ್ದರಲ್ಲ! ಊರಲ್ಲಿ ಎಲೆ ಹಾಕುವವರಿಲ್ಲ ಎಂದು ತಿಳಿದೇ ಅಲ್ಲೇ ಉಳಿದರೇನೋ ಎಂದು ನನಗೆ ಅನ್ನಿಸಿದೆ. ಪಂಕ್ತಿಯಲ್ಲಿ ಎಲೆ ಇಲ್ಲದಿದ್ದರೆ ಬರುವುದೇ ಇಲ್ಲ ಎಂದು ಅದೇ ಪತ್ರದಲ್ಲಿ ನೀನೂ ಬರೆದಿದ್ದೀ.

ಅದಕ್ಕೇ ಕೈ ಮುಗಿದು ಕೇಳುತ್ತೇನೆ. ತಾಯಿ ಮಗನಿಗೆ ಕೈ ಮುಗಿಯಬಾರದು, ಆದರೂ ಮುಗಿದಿದ್ದೇನೆ. ಒಂದು ಗುಟುಕು ಪಂಚಗವ್ಯ. ಔಷಧಿ ಎಂದು ಕಣ್ಣು ಮುಚ್ಚಿ ನುಂಗಿಬಿಡು. ನೀನು ತಪ್ಪು ಮಾಡಿಲ್ಲ ಎಂದು ನನಗೆ ಗೊತ್ತು, ದೇವರಿಗೂ ಗೊತ್ತು. ಸಾವಿರಾರು ಆಕಳು ಪಡೆದ ಆ ವಿಪ್ರರಿಗೆ ಪಂಚಗವ್ಯಕ್ಕೇನು ಕೊರತೆಯಿತ್ತು? ಅವರೂ ನುಂಗಿ ಬಂದಿದ್ದರೆ ಅವರ ಅವ್ವಂದಿರು ಮುಖ ನೋಡುತ್ತಿದ್ದರು. ನನಗೆ ಇತಿಹಾಸ ಬೇಡ, ನಿನ್ನ ಮುಖ ಬೇಕು.

ನಿನ್ನ ತಂದೆಯವರ, ದೊಡ್ಡಪ್ಪನವರ ಆಶೀರ್ವಾದಗಳು. ಆಲದ ಮರದಂತೆ ನೂರು ಕಾಲ ಬಾಳು.

ನಿನ್ನ ಅವ್ವ,
ಕಾಶೀಬಾಯಿ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಮತ್ತೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ತಿಳಿದುಕೋ. ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದ್ದೆ. ನಿನ್ನ ತಂದೆಯವರು ತಮ್ಮ ಎಲೆಯನ್ನೂ ಮಣೆಯನ್ನೂ ಎತ್ತಿಕೊಂಡು ಪಡಸಾಲೆಗೆ ಹೋಗಿ ಕೂತರು. ದೊಡ್ಡಪ್ಪ, "ತಮ್ಮಾ, ಅಲ್ಯಾಕ ಕೂತಿ?" ಎಂದು ಕೇಳಿದರು. "ಇಲ್ಲೆ ಗಾಳಿ ಛಲೋ ಬರ್ತದಣ್ಣಾ. ಇನ್ನ ದಿನಾ ಇಲ್ಲೇ ಕೂಡ್ತೀನಿ" ಎಂದರು. ಅಷ್ಟೇ. ದೊಡ್ಡಪ್ಪ ಅನ್ನ ಕಲಸಿದ ಕೈಯನ್ನು ಹಾಗೇ ಎಲೆಯ ಮೇಲಿಟ್ಟುಕೊಂಡು ಕುಳಿತರು. ಬಡಿಸಲು ಪಡಸಾಲೆಗೆ ಹೋಗುವಾಗ ಸಾರು ಹೊಸ್ತಿಲ ಮೇಲೆ ಚೆಲ್ಲಿತು. ಪಂಚಗವ್ಯದ ಬಗ್ಗೆ ಮೇಲೆ ಬರೆದದ್ದನ್ನೆಲ್ಲ ಹೊಡೆದು ಹಾಕು. ಇವರು ಗೋಡೆಗೆ ಸರಿದು, ಬಲಗಡೆ ಒಂದು ಎಲೆಯಷ್ಟು ಜಾಗ ಬಿಟ್ಟು ಕೂತಿದ್ದರು. ಬಾ.